ಒಂದು ಪ್ರತಿ ಕಡತಕ್ಕೆ

ಫೆಬ್ರವರಿ ೨೧

ಅಮ್ಮಾ,

ನಿನ್ನೆ ನೀನು ಫೋನು ಎತ್ತಿದೆ, ನನ್ನ ದನಿ ಕೇಳಿದ ಕೂಡಲೇ "ಏನಿದ್ದರೂ ಬರೆದು ಕಳಿಸು" ಅಂದು ಇಟ್ಟುಬಿಟ್ಟೆ. ಸರಿ, ಬರೆಯುತ್ತಿದ್ದೇನೆ.

ನಮ್ಮ ಕೇಸು ಕೋರ್ಟಿಗೆ ಹೋಗದೆ ನಿನ್ನ ಸರ್ಕಾರಿ ವಕೀಲರ ಕಚೇರಿಯಿಂದಲೇ ಠಾಣೆಗೆ ವಾಪಸು ಬಂದಿದೆ. ಪೊಲೀಸರು ಕಳಿಸಿದ ಕಡತದ ಮೇಲೆ ನಿಮ್ಮವರು ಒಂದು ಚೀಟಿ ಅಂಟಿಸಿದ್ದಾರೆ: 'ಸಾಕ್ಷ್ಯ ಸಾಲದು.' ಕೆಳಗೆ ಹೆಸರಿಲ್ಲ, ಸಹಿಯಿಲ್ಲ, ಬರೀ ಮುದ್ರೆ. ಠಾಣೆಯ ಪೇದೆ ಅದನ್ನು ನಮ್ಮ ಕಡೆ ತಿರುಗಿಸಿ ತೋರಿಸಿದ. "ನಿಮ್ಮಮ್ಮನ ಆಫೀಸೇ ಬೇಡ ಅಂದ್ಮೇಲೆ ನಾವೇನ್ ಮಾಡೋಣ ಹೇಳಿ ಮೇಡಂ" ಎಂದು ನಕ್ಕ. ನನ್ನ ಗಂಡನೂ ನಕ್ಕರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ನೀನು ಕಡತವನ್ನು ನೋಡಿಯೇ ಇಲ್ಲವಂತೆ. ಹಾಗಾದರೆ ನಾನೇ ಹೇಳುತ್ತೇನೆ, ಕೇಳು. ಜನವರಿ ಕೊನೆಯ ವಾರ, ಬೆಳಿಗ್ಗೆ. ಮೂಲೆಯ ಕಾರಿನ ಶೋರೂಮಿನವನು ಹೊಸ ಕಾರೊಂದನ್ನು ತಂದು ನಮ್ಮ ಸಲೂನಿನ ಬಾಗಿಲಿಗೆ ಅಡ್ಡ ನಿಲ್ಲಿಸಿದ. ಇವರು ಬಾಚಣಿಗೆ ಹಿಡಿದುಕೊಂಡೇ ಹೊರಗೆ ಹೋಗಿ, "ಸಾರ್, ಒಂಚೂರು ಮುಂದಕ್ಕೆ" ಅಂದರು. ಅಷ್ಟೇ. ಅವನು ಮಾತಾಡಲಿಲ್ಲ. ಡಿಕ್ಕಿ ತೆರೆದು ಜಾಕಿನ ಕಬ್ಬಿಣದ ಹಿಡಿ ತೆಗೆದುಕೊಂಡು ಇವರ ಹಿಂದೆಯೇ ಒಳಗೆ ಬಂದ. ಇವರ ಬಲಗೈಯನ್ನು ಕತ್ತರಿ ಇಡುವ ಹಲಗೆಗೆ ಒತ್ತಿ ಹಿಡಿದು ಮಣಿಕಟ್ಟಿನ ಮೇಲೆ ಹೊಡೆದ. ಆಮೇಲೆ ಕನ್ನಡಿಗೆ. ಕುರ್ಚಿಯಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರ್ ಕೂತಿದ್ದರು, ಅರ್ಧ ಮುಖಕ್ಕೆ ಸೋಪು. ನಾನು ಪರದೆಯ ಆಚೆ, ಹೆಂಗಸರ ಕಡೆ, ಒಬ್ಬರ ತಲೆ ತೊಳೆಯುತ್ತಿದ್ದೆ. ಪರದೆ ಸರಿಸಿದೆ. ಒಡೆಯುವುದಕ್ಕೆ ಮೊದಲು ಅದೇ ಕನ್ನಡಿಯಲ್ಲಿ ಎಲ್ಲವನ್ನೂ ನೋಡಿದೆ.

ಪೋಸ್ಟ್‌ಮಾಸ್ಟರು ಅವತ್ತೇ ಹೇಳಿಕೆ ಕೊಟ್ಟರು. ವಾರ ಕಳೆದ ಮೇಲೆ ಠಾಣೆಗೆ ಹೋಗಿ ಬದಲಾಯಿಸಿದರು. ಕಣ್ಣು ಮುಚ್ಚಿಕೊಂಡಿದ್ದರಂತೆ, ಸೋಪು ಇತ್ತಲ್ಲ. ಅವರ ಮನೆಗೆ ಹೋಗಿ ಕೇಳಿದೆ. "ಅಮ್ಮಾ, ಈ ಊರಲ್ಲಿ ಯಾವ ಕೇಸು ಮೇಲಕ್ಕೆ ಹೋಗಿದೆ? ನಾನು ಹೇಳೋದು, ಅವನು ಹೊರಗೇ ಇರೋದು, ಆಮೇಲೆ ದಿನಾ ನನ್ನ ನೋಡಿ ನಗೋದು. ಬೇಕಾ ಇದೆಲ್ಲ?" ಅಂದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ನೂರು ಕಡತ ಠಾಣೆಯಿಂದ ಹೊರಟರೆ ಕೋರ್ಟು ಮುಟ್ಟುವುದು ಮೂವತ್ತು ಎಂದು ಪತ್ರಿಕೆಯಲ್ಲಿ ಬಂದಿತ್ತು. ಆ ಮೂವತ್ತರಲ್ಲಿ ಇಪ್ಪತ್ತೆಂಟನ್ನು ಗೆಲ್ಲುತ್ತೇವೆ ಎಂದು ನೀನು ಹೇಳಿದ್ದೂ ಬಂದಿತ್ತು, ಫೋಟೊ ಸಮೇತ. ಗೆಲ್ಲುವುದನ್ನು ಮಾತ್ರ ಆರಿಸಿಕೊಂಡು ಕೂತರೆ ಗೆಲ್ಲದೆ ಇನ್ನೇನು?

ಅವನು ಈಗಲೂ ಅಲ್ಲೇ ಕಾರು ನಿಲ್ಲಿಸುತ್ತಾನೆ. ನಾವು ಓರೆಯಾಗಿ ನುಸುಳಿ ಒಳಗೆ ಹೋಗುತ್ತೇವೆ.

ಇದೆಲ್ಲ ಇರಲಿ. ಅವರ ಕೈ ಹೇಗಿದೆ ಎಂದು ನೀನು ಒಂದು ಸಾರಿಯೂ ಕೇಳಲಿಲ್ಲ.

ನಿನ್ನ ಮಗಳು


ಮಾರ್ಚ್ ೧

ಮಗಳಿಗೆ,

ಪತ್ರ ತಲುಪಿತು.

ಮೊದಲೇ ಹೇಳಬೇಕಾದದ್ದು: ನಿನಗೆ ನಾನು ಬರೆಯುವ ಪ್ರತಿಯೊಂದು ಪತ್ರದ ಪ್ರತಿ ಈ ಪ್ರಕರಣದ ಕಡತಕ್ಕೆ ಹೋಗುತ್ತದೆ. ನೀವು ಬರೆದದ್ದೂ ಅಲ್ಲಿಗೇ. ಕೇಳಿದ ಯಾರಿಗಾದರೂ ಅದನ್ನು ತೋರಿಸಬೇಕು. ನಾನು ಈ ಕುರ್ಚಿಗೆ ಬಂದಾಗ ಮಾಡಿದ ನಿಯಮ ಇದು. ನಮ್ಮಲ್ಲಿ ಯಾರದಾದರೂ ಸಂಬಂಧಿಕರು ಒಂದು ಪ್ರಕರಣದಲ್ಲಿದ್ದರೆ ಅವರು ಆ ಕಡತ ಮುಟ್ಟಬಾರದು, ಅದರ ಬಗ್ಗೆ ಖಾಸಗಿಯಾಗಿ ಬಾಯಿಮಾತಿನಲ್ಲಿ ಏನೂ ಆಡಬಾರದು. ನನಗಿಂತ ಮುಂಚೆ ಇದ್ದವರ ಕಾಲದಲ್ಲಿ ಅವರ ಭಾವಮೈದುನನ ಮೇಲಿನ ಕೇಸುಗಳು ಹೇಗೆ ಮಾಯವಾದವೆಂದು ನಿನಗೆ ಗೊತ್ತು. ಊಟದ ಮೇಜಿನಲ್ಲಿ ನಾನೇ ಹೇಳಿದ್ದೆ. ಬೇರೆಯವರಿಗೆ ಹಾಕಿದ ಗೆರೆಯನ್ನು ನನ್ನ ಸರದಿ ಬಂದಾಗ ಅಳಿಸುವುದಕ್ಕಾಗುವುದಿಲ್ಲ.

ನಿಮ್ಮ ಕಡತವನ್ನು ನೋಡಿದವರು ನನ್ನ ಕೈಕೆಳಗಿನ ಹಿರಿಯ ವಕೀಲರು. ಗರಿಗರಿ ಅಂಗಿ ನೋಡಿ ನೀನು ಚಿಕ್ಕಂದಿನಲ್ಲಿ 'ಇಸ್ತ್ರಿ ಮಾಮ' ಎನ್ನುತ್ತಿದ್ದೆಯಲ್ಲ, ಅವರು. ಕಾರಣವೇನೆಂದು ನಾನು ಕೇಳಿಲ್ಲ, ಕೇಳುವಂತಿಲ್ಲ.

ಗಾಯದ ಬಗ್ಗೆಯೂ ಕೇಳುವಂತಿಲ್ಲ. ಗಾಯ ಎಂಥದ್ದು ಎನ್ನುವುದರ ಮೇಲೆ ಅಪರಾಧ ಯಾವುದು ಎನ್ನುವುದು ನಿಲ್ಲುತ್ತದೆ. ನಾನು ವಿಚಾರಿಸಿದರೆ ಮುಖ್ಯ ಸರ್ಕಾರಿ ವಕೀಲರೇ ವಿಚಾರಿಸಿದ ಹಾಗಾಗುತ್ತದೆ. ನೀನು ಎರಡು ವರ್ಷ ಕಾನೂನು ಓದಿ ಬಿಟ್ಟವಳು. ಅಷ್ಟರಲ್ಲಿ ಇಷ್ಟಾದರೂ ಕಲಿಸಿರುತ್ತಾರೆ.

ಮರುಪರಿಶೀಲನೆಗೆ ಅರ್ಜಿ ಕೊಡುವ ಹಕ್ಕು ನಿಮಗಿದೆ. ಘಟನೆಯಾದ ಆರು ತಿಂಗಳೊಳಗೆ ಇದು ಕೋರ್ಟು ಮುಟ್ಟಬೇಕು. ಜುಲೈ ಮುಗಿದರೆ ಯಾವ ನ್ಯಾಯಾಧೀಶರೂ ಕೈಗೆತ್ತಿಕೊಳ್ಳುವುದಿಲ್ಲ. ಈ ಮಾತನ್ನು ಕಚೇರಿಯ ಕಿಟಕಿಯ ಮುಂದೆ ನಿಂತ ಯಾರಿಗಾದರೂ ಹೇಳುತ್ತೇನೆ. ಅದಕ್ಕೇ ನಿನಗೂ ಹೇಳಿದ್ದೇನೆ.

ಬೀರುವಿನಲ್ಲಿ ನಿಮ್ಮಪ್ಪನ ಅಂಗಿಗಳು ಸುಮ್ಮನೆ ಬಿದ್ದಿದ್ದವು. ಅಂಗಡಿಯಲ್ಲಿ ಹಾಕಿಕೊಳ್ಳಲು ಆದೀತೆಂದು ಕಳಿಸಿದ್ದೇನೆ.

ಇತಿ,
ಅಮ್ಮ
(ಮುಖ್ಯ ಸರ್ಕಾರಿ ವಕೀಲೆ)

ಪ್ರತಿ: ಕಚೇರಿಯ ಕಡತಕ್ಕೆ
ಜೊತೆಯಲ್ಲಿ: ಹಳೆಯ ಅಂಗಿ, ಮೂರು


ಮಾರ್ಚ್ ೯

ಮುಖ್ಯ ಸರ್ಕಾರಿ ವಕೀಲರಾದ ಅಮ್ಮನವರಿಗೆ,

ಅಪ್ಪನ ಅಂಗಿಗಳನ್ನೂ ಕಡತಕ್ಕೆ ಸೇರಿಸಿದೆಯಲ್ಲ, ಭೇಷ್. ಅವರು ಇದ್ದಿದ್ದರೆ ಬಿದ್ದುಬಿದ್ದು ನಗುತ್ತಿದ್ದರು. ನನ್ನನ್ನು 'ಲಾಯರಮ್ಮ' ಎಂದು ಕರೆಯುತ್ತಿದ್ದವರು, ಮನೆಯಲ್ಲಿ ನಿಜವಾದ ಲಾಯರಮ್ಮ ಯಾರೆಂದು ಗೊತ್ತಿದ್ದೂ.

ಅರ್ಜಿ ಕೊಟ್ಟಿದ್ದೇವೆ. ಕಿಟಕಿಯ ಗುಮಾಸ್ತ ನನ್ನ ಗುರುತು ಹಿಡಿದು ಕುರ್ಚಿ ಹಾಕಿಸಲು ಹೋದ. ನಿಂತೇ ಕೊಟ್ಟು ಬಂದೆ. ಇದನ್ನೂ ಕಡತಕ್ಕೆ ಹಾಕಿಸು.

ಮಗಳು


ಏಪ್ರಿಲ್ ೬

ಅತ್ತೆಯವರಿಗೆ ನಮಸ್ಕಾರಗಳು.

ಅಕ್ಷರ ಕೋಳಿ ಕೆದರಿದ ಹಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯ ವಿಷಯ ನೀವು ಕೇಳುವಂತಿಲ್ಲ ಎಂದು ನಿಮ್ಮ ಮಗಳು ಓದಿ ಹೇಳಿದಳು, ಆದ್ದರಿಂದ ನಾನೂ ಹೇಳುವುದಿಲ್ಲ. ನಾನು ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ. ಗೊತ್ತಾದರೆ ನನ್ನ ತಲೆಯನ್ನೇ ಬೋಳಿಸುತ್ತಾಳೆ, ಕತ್ತರಿ ಅವಳ ಕೈಯಲ್ಲೂ ಇದೆ.

ಅಂಗಿಗಳಿಗೆ ತುಂಬ ಉಪಕಾರವಾಯಿತು. ಮಾವನವರ ಭುಜ ನನ್ನದಕ್ಕಿಂತ ಅಗಲ, ಆದರೆ ಪರವಾಗಿಲ್ಲ. ಮೂರಕ್ಕೂ ಗುಂಡಿಗಳನ್ನು ಕಿತ್ತು, ಒಂದೇ ಕೈಯಲ್ಲಿ ಒತ್ತಿ ಹಾಕುವ ಟಿಚ್‌ಬಟನ್ ಹೊಲಿದಿರುವುದನ್ನು ನೋಡಿದೆ. ದಾರ ಹೊಸದು. ಈಗ ಬೆಳಿಗ್ಗೆ ಯಾರನ್ನೂ ಕರೆಯದೆ ಅಂಗಿ ಹಾಕಿಕೊಳ್ಳುತ್ತೇನೆ. ನಿಮ್ಮ ಮಗಳು ಅದನ್ನು ಗಮನಿಸಿದಳೋ ಇಲ್ಲವೋ, ಏನೂ ಅನ್ನಲಿಲ್ಲ. ಆದರೆ ಒಗೆಯುವಾಗ ಅವನ್ನು ಬೇರೆಯಾಗಿ ಇಡುತ್ತಾಳೆ.

ನೀವು ನಮ್ಮ ಬಗ್ಗೆ ಚಿಂತೆ ಮಾಡಬೇಡಿ. ಎಡಗೈ ಪಳಗುತ್ತಿದೆ. ಮೊದಲು ಬಲೂನಿಗೆ ಸೋಪು ಹಚ್ಚಿ ಬೋಳಿಸುವುದನ್ನು ಕಲಿತೆ, ಆಮೇಲೆ ಪಕ್ಕದ ದರ್ಜಿಯ ಗಲ್ಲದ ಮೇಲೆ. ಅವನು ಬಲೂನಿಗಿಂತ ಹೆಚ್ಚು ಅಲ್ಲಾಡುತ್ತಾನೆ.

ಮೊನ್ನೆ ಆ ಶೋರೂಮಿನವರೇ ಬಂದರು. ಕುರ್ಚಿಯಲ್ಲಿ ಕೂತು, "ಶೇವಿಂಗ್ ಮಾಡು" ಅಂದರು. ಅಂಗಡಿ ತುಂಬ ಜನ ಇದ್ದರು, ಎಲ್ಲರೂ ಪತ್ರಿಕೆ ಅಡ್ಡ ಹಿಡಿದರು. "ಎಡಗೈಲಿ ಬರುತ್ತಾ ಏನಯ್ಯ?" ಎಂದು ಕೇಳಿದರು. "ಬರುತ್ತೆ ಸಾರ್, ನೀವು ಅಲ್ಲಾಡಬಾರದು ಅಷ್ಟೇ" ಅಂದೆ. ಅವರು ಅಲ್ಲಾಡಲಿಲ್ಲ. ಒಂದು ಗೀರೂ ಬೀಳದ ಹಾಗೆ ಮಾಡಿ ಕಳಿಸಿದೆ. ಕೊನೆಗೆ ಗಲ್ಲ ಸವರಿಕೊಂಡು, "ಪರವಾಗಿಲ್ಲ, ಕೆಲಸ ಗೊತ್ತು ನಿನಗೆ" ಅಂದರು. ಒಂದೇ ಬೀದಿಯಲ್ಲಿ ಇರಬೇಕಾದವರು, ಮುಖ ನೋಡಿಕೊಂಡೇ ಇರಬೇಕಲ್ಲ ಅತ್ತೆ. ಹೀಗಾಗಿ ಎಲ್ಲ ಶಾಂತವಾಗಿದೆ, ನೀವು ನೆಮ್ಮದಿಯಾಗಿರಿ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ನಿಮ್ಮ ಅಳಿಯ


ಏಪ್ರಿಲ್ ೧೨

ಅಳಿಯಂದಿರಿಗೆ,

ನಿಮ್ಮ ಪತ್ರ ಕಡತಕ್ಕೆ ಸೇರಿತು. ಸೇರಿಸದೆ ಇರುವ ಅಧಿಕಾರ ನನಗಿಲ್ಲ. ಸೇರಿಸುವುದಕ್ಕೆ ಮುಂಚೆ ಎರಡು ಸಾರಿ ಓದಿದೆ.

ದಯವಿಟ್ಟು ಇನ್ನು ಮುಂದೆ ಅಂಗಡಿಗೆ ಯಾರು ಬಂದರು, ಏನಾಯಿತು ಎಂಬುದನ್ನು ನನಗೆ ಬರೆಯಬೇಡಿ. ಟಿಚ್‌ಬಟನ್ ಬಗ್ಗೆ ನಾನು ಹೇಳುವುದೇನೂ ಇಲ್ಲ.

ಇತಿ,
ಅತ್ತೆ

ಪ್ರತಿ: ಕಚೇರಿಯ ಕಡತಕ್ಕೆ


ಮೇ ೨೦

ಅಮ್ಮಾ,

ಮರುಪರಿಶೀಲನೆಯ ಉತ್ತರ ಬಂತು. ಈ ಸಾರಿ ಚೀಟಿ ಸ್ವಲ್ಪ ಉದ್ದವಿದೆ. 'ದೂರುದಾರರು ಘಟನೆಯ ನಂತರ ಆರೋಪಿಗೆ ಸ್ವಇಚ್ಛೆಯಿಂದ ಕ್ಷೌರ ಮಾಡಿರುವುದಾಗಿ ತಾವೇ ಬರೆದಿರುತ್ತಾರೆ. ಉಭಯರ ನಡುವೆ ವೈಷಮ್ಯ ಉಳಿದಿಲ್ಲ. ಮುಂದುವರಿಸುವ ಅಗತ್ಯ ಕಾಣುವುದಿಲ್ಲ.'

ಅದನ್ನು ಓದಿ ನನಗೆ ತಲೆಬುಡ ಅರ್ಥವಾಗಲಿಲ್ಲ. ಎಲ್ಲಿ ಬರೆದಿರುತ್ತಾರೆ, ಯಾರಿಗೆ ಬರೆದಿರುತ್ತಾರೆ? ಇವರನ್ನು ಕೇಳಿದೆ. ತಾವು ಬರೆದದ್ದನ್ನು ಹೇಳಿ, ನಿನ್ನ ಉತ್ತರವನ್ನೂ ತೆಗೆದು ತೋರಿಸಿದರು.

ಅಮ್ಮಾ, ಅವರು ನಿನಗೆ ಬರೆದದ್ದು ನಿನಗೆ ಹೆದರಿಕೆಯಾಗಬಾರದೆಂದು. ಅಳಿಯ ಅತ್ತೆಗೆ 'ಎಲ್ಲ ಶಾಂತವಾಗಿದೆ' ಎಂದು ಬರೆಯದೆ ಮತ್ತೇನು ಬರೆಯುತ್ತಾನೆ? ಅದನ್ನು ನೀನು ಎರಡು ಸಾರಿ ಓದಿ, ತೂತು ಹೊಡೆದು, ದಾರ ಪೋಣಿಸಿ, ಇಸ್ತ್ರಿ ಮಾಮನ ಮೇಜಿಗೆ ಹೋಗುವ ಕಡತದಲ್ಲಿ ಇಟ್ಟೆ.

ಅವರು ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ, ಇದನ್ನೂ ಪೋಣಿಸು. ಶೋರೂಮಿನವನು ಒಬ್ಬನೇ ಬಂದಿರಲಿಲ್ಲ. ಅವನ ಜೊತೆ ಇಬ್ಬರಿದ್ದರು. ಒಬ್ಬ ಬಾಗಿಲಲ್ಲಿ ನಿಂತ. ಇನ್ನೊಬ್ಬ ಪರದೆಯ ಹತ್ತಿರ ಬಂದು ಅದರ ಅಂಚು ಹಿಡಿದುಕೊಂಡು ನಿಂತ. ಆಚೆ ನಾನಿದ್ದೆ. ಪರದೆಯ ಮೇಲೆ ಅವನ ಬೆರಳುಗಳು ನನಗೆ ಕಾಣುತ್ತಿದ್ದವು, ನಾಲ್ಕೂ. ಇವರು ಆ ಕೈಯನ್ನು ನೋಡಿಕೊಂಡು ಶೇವಿಂಗ್ ಮಾಡಿದರು. ಕತ್ತಿ ಶೋರೂಮಿನವನ ಗಂಟಲ ಮೇಲಿದ್ದಾಗ ಅಂಗಡಿಯಲ್ಲಿ ಒಬ್ಬರೂ ಪತ್ರಿಕೆಯ ಪುಟ ತಿರುಗಿಸಲಿಲ್ಲ. ಆ ಮೂವರು ಹೋದ ಮೇಲೆ ಇವರು ಒಳಗೆ ಬಂದು ನನ್ನ ಸ್ಟೂಲಿನ ಮೇಲೆ ಕೂತರು. ಎರಡೂ ಮೊಣಕಾಲು ತಮ್ಮಷ್ಟಕ್ಕೆ ಕುಣಿಯುತ್ತಿದ್ದವು. "ನೋಡು, ಕಾಲಿಗೆ ಈಗ ಗೊತ್ತಾಯ್ತು" ಎಂದು ನಗಲು ನೋಡಿದರು.

ಇದಕ್ಕೆ ನಿಮ್ಮ ಭಾಷೆಯಲ್ಲಿ ಸ್ವಇಚ್ಛೆ ಅನ್ನುತ್ತಾರೆ.

ಜೂನ್ ಮಧ್ಯದಲ್ಲಿ ನೀನು ನಗರಸಭೆಯ ಹಾಲಿನಲ್ಲಿ ಜನರಿಗೆ ನಿನ್ನ ಕಚೇರಿಯ ಕೆಲಸದ ಲೆಕ್ಕ ಒಪ್ಪಿಸುವ ಸಭೆ ಇದೆಯಲ್ಲ. ಯಾರು ಬೇಕಾದರೂ ಎದ್ದು ಕೇಳಬಹುದಂತೆ. ನಾನು ಪ್ರಶ್ನೆ ಕೇಳುವ ಚೀಟಿ ತೆಗೆದುಕೊಂಡಿದ್ದೇನೆ.

ಮಗಳು


ಮೇ ೨೭

ಮಗಳಿಗೆ,

ಬಾ. ಕೇಳು.

ವೇದಿಕೆಯ ಮೇಲೆ ಉತ್ತರ ಕೊಡುವವಳು ನಾನೇ. ಸಂಬಂಧಿಕರ ಪ್ರಶ್ನೆಗೆ ಬೇರೆಯವರು ಉತ್ತರಿಸಬೇಕೆಂದು ನಿಯಮದಲ್ಲಿ ಬರೆದಿಲ್ಲ. ಬರೆಯುವಾಗ ಹೊಳೆದಿರಲಿಲ್ಲ. ಸಭೆಯಲ್ಲಿ ನಿನ್ನನ್ನು ನಾನು 'ಇವರು' ಎನ್ನುತ್ತೇನೆ. ನೀನೂ ಹಾಗೇ ಮಾಡು. ಮೈಕಿನ ಹತ್ತಿರ ತುಂಬ ಬಾಗಬೇಡ, ದನಿ ಒಡೆದು ಹಿಂದಿನ ಸಾಲಿಗೆ ಅರ್ಥವಾಗುವುದಿಲ್ಲ. ಇದನ್ನು ಪ್ರಶ್ನೆ ಕೇಳುವ ಎಲ್ಲರಿಗೂ ಹೇಳುತ್ತೇವೆ.

ನಿನ್ನ ಪತ್ರವೂ ಕಡತಕ್ಕೆ ಹೋಗಿದೆ. ಪರದೆಯ ಭಾಗವನ್ನು ಓದಿ ಮುಗಿಸಲು ನನಗೆ ಬಹಳ ಹೊತ್ತಾಯಿತು.

ಇತಿ,
ಅಮ್ಮ

ಪ್ರತಿ: ಕಚೇರಿಯ ಕಡತಕ್ಕೆ


ಜೂನ್ ೧೮

ಅಮ್ಮಾ,

ಸಭೆಯಲ್ಲಿ ನೀನು ವೇದಿಕೆಯ ಮೇಲಿದ್ದೆ, ನಾನು ಕೆಳಗೆ. ಅಲ್ಲಿಂದ ನಿನಗೆ ಕಾಣದೆ ಹೋದದ್ದನ್ನು ಬರೆಯುತ್ತೇನೆ.

ನನಗಿಂತ ಮುಂಚೆ ಎದ್ದ ಮುದುಕಿ ನೆನಪಿದೆಯಲ್ಲ? ಮಗನನ್ನು ಗಾಡಿಯಲ್ಲಿ ಗುದ್ದಿ ಹೋದವರ ಕೇಸು ಯಾಕೆ ವಾಪಸಾಯಿತೆಂದು ಕೇಳಿದರು. ನೀನು 'ಸಾಕ್ಷ್ಯ' ಎಂದು ಶುರುಮಾಡಿದೆ. "ಸಾಕ್ಷಿ ನಾನೇ ಕಣಮ್ಮ, ಪಕ್ಕದಲ್ಲೇ ನಡೀತಿದ್ದೆ, ನಾನು ಸಾಲದಾ?" ಅಂದರು. ನೀನು ನೀರು ಕುಡಿದೆ. ಅವರು ಬಂದು ನನ್ನ ಪಕ್ಕ ಕೂತರು. ಸಭೆ ಮುಗಿಯುವವರೆಗೆ ನನ್ನ ಸೆರಗಿನ ತುದಿ ಅವರ ಮುಷ್ಟಿಯಲ್ಲಿತ್ತು, ನನ್ನದೆಂದು ಅವರಿಗೆ ಗೊತ್ತಿರಲಿಲ್ಲವೇನೋ.

ಆಮೇಲೆ ನಾನು. ಇದನ್ನು ಕಡತಕ್ಕಾಗಿ ಬರೆಯುತ್ತಿದ್ದೇನೆ, ನೀನು ಮರೆತಿರಲಾರೆ.

"ಈ ಕಡತವನ್ನು ವಾಪಸು ಕಳಿಸಿದ್ದು ಯಾರು?" ಎಂದೆ.

"ನನ್ನ ಕಚೇರಿ."

"ತಾವು ಓದಿದಿರಾ?"

"ಇಲ್ಲ."

"ಯಾಕೆ?"

ನೀನು ಮೈಕನ್ನು ಸರಿಮಾಡಿದೆ. ಅದು ಸರಿಯಾಗಿಯೇ ಇತ್ತು. "ದೂರುದಾರರು ನನ್ನ ಅಳಿಯ" ಅಂದೆ.

ಹಿಂದಿನಿಂದ ಯಾರೋ ಕೂಗಿದರು: "ಅಳಿಯನಿಗೇ ದಿಕ್ಕಿಲ್ಲ, ನಮ್ಮನ್ನ ಯಾರ್ರೀ ಕೇಳ್ತಾರೆ!" ಇಡೀ ಹಾಲು ನಕ್ಕಿತು. ನಿನ್ನನ್ನು ನೋಡಿ ಜನ ನಗುವುದನ್ನು ನೋಡಲೆಂದೇ ನಾನು ಬಂದದ್ದು ಎಂದುಕೊಂಡಿದ್ದೆ. ನೋಡಲಾಗಲಿಲ್ಲ.

ಅಷ್ಟರಲ್ಲಿ ಇಸ್ತ್ರಿ ಮಾಮ ಎದ್ದರು. ಅವರ ಅಂಗಿ ಮೊದಲ ಸಾರಿ ಬೆವರಿಗೆ ಒದ್ದೆಯಾಗಿದ್ದನ್ನು ನೋಡಿದೆ. "ಮೇಡಂ ತಪ್ಪಿಲ್ಲ, ಓದಿದ್ದು ನಾನು" ಅಂದರು. "ನಿಜ ಹೇಳ್ಬೇಕಂದ್ರೆ, ಬೇರೆಯವರ ಕಡತ ಆಗಿದ್ರೆ ತಗೊಳ್ತಿದ್ದೆ. ಮೇಡಂ ಕಡೆಯವರದು ಅಂತಲೇ ತಗೊಳ್ಳಲಿಲ್ಲ. ತಗೊಂಡಿದ್ರೆ ಇದೇ ಸಭೇಲಿ ನೀವೆಲ್ಲ ಏನಂತಿದ್ರಿ? ಅಳಿಯನ ಕೇಸು ಮಾತ್ರ ಸರಾಗವಾಗಿ ಹೋಯ್ತು ಅಂತಿರ್ಲಿಲ್ವಾ?"

ಯಾರೂ ನಗಲಿಲ್ಲ. ನೀನು ಅವರ ಕಡೆ ತಿರುಗಿ ನೋಡಿದ್ದನ್ನು ನಾನು ನೋಡಿದೆ. ನಿನಗೂ ಅದು ಅದೇ ಕ್ಷಣ ಗೊತ್ತಾದದ್ದು, ಅಲ್ಲವೇ?

ಈಗ ನಿನಗೆ ಕಾಣದ್ದು. ಶೋರೂಮಿನವನು ಹಾಲಿನಲ್ಲೇ ಇದ್ದ. ಕೊನೆಯ ಸಾಲಿನಲ್ಲಿ ಕಾಲು ಚಾಚಿಕೊಂಡು, ಏನನ್ನೋ ಅಗಿಯುತ್ತ. ಇಸ್ತ್ರಿ ಮಾಮ 'ತಗೊಳ್ತಿದ್ದೆ' ಎಂದಾಗ ಅವನು ಕಾಲು ಒಳಗೆಳೆದುಕೊಂಡ.

ಇನ್ನೊಂದು. ಪೋಸ್ಟ್‌ಮಾಸ್ಟರೂ ಬಂದಿದ್ದರು, ಕಂಬದ ಹಿಂದೆ. ಮರುದಿನ ಅಂಗಡಿ ಬಾಗಿಲು ತೆಗೆಯುವಾಗಲೇ ಹಾಜರು. ಹೇಳಿಕೆ ಬದಲಾಯಿಸಿದಾಗಿನಿಂದ ಅವರು ಎರಡು ಬೀದಿ ಆಚೆ ಶೇವಿಂಗ್ ಮಾಡಿಸಿಕೊಳ್ಳುತ್ತಿದ್ದರು. ಕುರ್ಚಿಯಲ್ಲಿ ಕೂತು, ಹೊಸ ಕನ್ನಡಿಯಲ್ಲಿ ನನ್ನನ್ನು ನೋಡಿ, "ಸೋಪು ಇದ್ದದ್ದು ಗಲ್ಲದ ಮೇಲಮ್ಮ, ಕಣ್ಣಿಗಲ್ಲ. ನಿಮ್ಮಮ್ಮನಿಗೆ ಅಷ್ಟು ಜನರ ಮುಂದೆ 'ಓದಿಲ್ಲ' ಅನ್ನೋಕಾಯ್ತು. 'ನೋಡಿದೆ' ಅನ್ನೋಕೆ ನನಗೇನು ಧಾಡಿ?" ಅಂದರು. ಆಮೇಲೆ ಇವರಿಗೆ, "ಹೂಂ, ಉಳಿದರ್ಧ ಮಾಡು" ಅಂದರು. ಠಾಣೆಗೆ ಹೋಗಿ ಮತ್ತೆ ಹೇಳಿಕೆ ಬರೆಸಿದ್ದಾರೆ.

ಆದರೆ ಪೊಲೀಸರು ಇಸ್ತ್ರಿ ಮಾಮನ ಬಳಿ ಹೋದರೆ ಅವರು ಮುಟ್ಟುತ್ತಿಲ್ಲವಂತೆ. "ಈಗ ತಗೊಂಡ್ರೆ, ಮೇಡಂ ಮಗಳು ಸಭೇಲಿ ಕೂಗಾಡಿದ್ಲು, ಕೆಲಸ ಆಯ್ತು ಅಂತಾರೆ" ಎಂದರಂತೆ. ತಗೊಂಡರೂ ನಿನ್ನಿಂದ, ಬಿಟ್ಟರೂ ನಿನ್ನಿಂದ. ಜುಲೈ ದೂರವಿಲ್ಲ ಅಮ್ಮಾ.

ನಿನ್ನ ಮಗಳು


ಜೂನ್ ೩೦

ಮಗಳಿಗೆ,

ಇಂದು ಸಂಜೆಯಿಂದ ನಾನು ಈ ಕಚೇರಿಯಲ್ಲಿ ಇರುವುದಿಲ್ಲ. ರಾಜೀನಾಮೆ ಅಂಗೀಕಾರವಾಗಿದೆ. ನಾಳೆ ಬರುವವರು ಬೇರೆ ಊರಿನವರು. ಅವರು ನನ್ನ ಕೈಕೆಳಗೆ ಇದ್ದವರಲ್ಲ, ನಿಮ್ಮನ್ನು ಕಂಡವರೂ ಅಲ್ಲ. ನಾನು ಇಲ್ಲಿರುವವರೆಗೆ ಇಲ್ಲಿ ಯಾರೂ ನಿಮ್ಮ ಕಡತವನ್ನು ಬರೀ ಕಡತವೆಂದು ಓದಲಾರರು. ಇದನ್ನು ತಿಳಿಯಲು ನನಗೆ ತುಂಬಿದ ಸಭೆ ಬೇಕಾಯಿತು.

ಹೊರಡುವ ಮುಂಚೆ ಒಂದು ಆದೇಶ ಮಾಡಿದ್ದೇನೆ. ಇನ್ನು ಮೇಲೆ ವಾಪಸು ಹೋಗುವ ಪ್ರತಿ ಕಡತದ ಮೇಲೆ ಕಾರಣವನ್ನು ಪೂರ್ತಿ ವಾಕ್ಯಗಳಲ್ಲಿ ಬರೆಯಬೇಕು, ಬರೆದವರು ತಮ್ಮ ಹೆಸರು ಹಾಕಬೇಕು. ಮುದ್ರೆ ಸಾಲದು.

ಇದು ಈ ಕಡತಕ್ಕೆ ನನ್ನ ಕೊನೆಯ ಪತ್ರ.

ಇತಿ,
ಅಮ್ಮ

ಪ್ರತಿ: ಕಚೇರಿಯ ಕಡತಕ್ಕೆ


ಜುಲೈ ೨೬

ಅಮ್ಮಾ,

ಕೇಸು ಕೋರ್ಟಿಗೆ ಹೋಯಿತು. ಗಡುವು ಮುಗಿಯುವುದಕ್ಕೆ ಸ್ವಲ್ಪವೇ ಮುಂಚೆ. ಹೊಸದಾಗಿ ಬಂದವರು ಪೋಸ್ಟ್‌ಮಾಸ್ಟರನ್ನೂ ನನ್ನನ್ನೂ ಬೇರೆಬೇರೆಯಾಗಿ ಕರೆಸಿ ಕೇಳಿದರು. ನಗಲಿಲ್ಲ, ಕುರ್ಚಿ ಹಾಕಿಸಲಿಲ್ಲ, ಕಾಫಿ ಕೇಳಲಿಲ್ಲ. ಇಷ್ಟು ಸುಖ ನನಗೆ ಯಾವ ಕಚೇರಿಯಲ್ಲೂ ಆಗಿರಲಿಲ್ಲ. ಆಗಸ್ಟ್ ಹದಿನಾಲ್ಕಕ್ಕೆ ನಮ್ಮ ಸಾಕ್ಷಿ.

ನೀನು ಕುರ್ಚಿ ಬಿಟ್ಟದ್ದಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಉಪಕಾರ ಎಂದು ಬರೆದೆ, ಹೊಡೆದುಹಾಕಿದೆ. ಆ ಮುದುಕಿ ಮೊನ್ನೆ ಅಂಗಡಿಗೆ ಬಂದಿದ್ದರು. ಸಭೆಯಲ್ಲಿ ಪಕ್ಕದಲ್ಲಿ ಕೂತಿದ್ದವಳೇ ಮುಖ್ಯ ವಕೀಲರ ಮಗಳೆಂದು ಯಾರೋ ಹೇಳಿದ್ದಾರೆ. "ನಿನ್ನ ಕೇಸು ಹೋಯ್ತಂತಲ್ಲ ತಾಯಿ, ಒಳ್ಳೇದಾಯ್ತು" ಅಂದರು. ಬೇರೇನೂ ಅನ್ನಲಿಲ್ಲ. ಕೂದಲು ಬಾಚಿಸಿಕೊಂಡು ಹೋದರು. ನೂರು ಕಡತದಲ್ಲಿ ವಾಪಸಾಗುವವು ಎಪ್ಪತ್ತು, ಎಪ್ಪತ್ತು ಮನೆ ಅಮ್ಮಾ. ಅವರಲ್ಲಿ ಯಾರಿಗೂ ಬಿಟ್ಟುಕೊಡಲು ಕುರ್ಚಿ ಇರುವ ತಾಯಿ ಇಲ್ಲ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಸಮನ್ಸ್ ಮುಟ್ಟಿದ ದಿನವೇ ಶೋರೂಮಿನವನು ಬಂದು ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ. "ನಿಮ್ಮತ್ತೆ ಈಗ ಮನೇಲಿದಾರಂತಲ್ಲ, ಕುರ್ಚಿ ಹೋಯ್ತಂತೆ" ಅಂದ. ನನ್ನ ಕೈಯಲ್ಲಿದ್ದ ಮಗ್ಗಿನ ನೀರು ಗಿರಾಕಿಯ ಕಿವಿಗೆ ಹೋಯಿತು. ಇಷ್ಟು ದಿನ ಅವನು ಹೊಡೆದದ್ದು ಒಂದು ಕೈಗೆ ನಿಂತಿದ್ದರೆ, ಅದು ನಿನ್ನ ಹೆಸರಿನ ಭಯದಿಂದಲೋ ಏನೋ ಎಂದು ಆಗ ಹೊಳೆಯಿತು. ಈಗ ಆ ಭಯವೂ ಅವನಿಗಿಲ್ಲ.

ಇವರು ತಲೆ ಎತ್ತಲಿಲ್ಲ. ಎಡಗೈಯಲ್ಲಿ ಕತ್ತಿ ಮಸೆಯುತ್ತಲೇ, "ಶೇವಿಂಗಾ ಸಾರ್? ಹದಿನಾಲ್ಕರವರೆಗೆ ಕುರ್ಚಿ ಖಾಲಿ ಇಲ್ಲ" ಅಂದರು. ಪತ್ರಿಕೆ ಓದುತ್ತಿದ್ದವರಲ್ಲಿ ಒಬ್ಬರು ಪತ್ರಿಕೆ ಮಡಚಿ ತೊಡೆಯ ಮೇಲಿಟ್ಟು ಅವನನ್ನು ನೋಡಿದರು. ಇನ್ನೊಬ್ಬರೂ. ಅವನು ಸ್ವಲ್ಪ ಹೊತ್ತು ನಿಂತು ಹೋದ. ಕಾರು ಮಾತ್ರ ಅಲ್ಲೇ ಇದೆ.

ಹದಿನಾಲ್ಕರವರೆಗೆ ಏನಾದರೂ ಆಗಬಹುದು. ಪೋಸ್ಟ್‌ಮಾಸ್ಟರ ಹೆಂಡತಿ ನನ್ನೊಡನೆ ಮಾತು ಬಿಟ್ಟಿದ್ದಾರೆ.

ನೀನು ಬರೆಯುವುದನ್ನೇ ನಿ‌ಲ್ಲಿಸಿದ್ದೀಯ.

ಮಗಳು


ಆಗಸ್ಟ್ ೧೦

ಲಾಯರಮ್ಮಾ,

ಕಚೇರಿ ಬಿಟ್ಟ ಮೇಲೂ ನಾನು ಬರೆಯಲಿಲ್ಲ. ಕಡತ ಇನ್ನೂ ಹೊಸದಾಗಿ ಬಂದವರ ಮೇಜಿನ ಮೇಲಿತ್ತು. ಕೋರ್ಟು ಮುಟ್ಟಲಿ ಎಂದು ಕಾದೆ. ಮುಟ್ಟಿದ ಮೇಲೂ ಕಾದೆ. ಅದು ಅಭ್ಯಾಸ.

ಹದಿನಾಲ್ಕಕ್ಕೆ ನಾನು ಬರುತ್ತೇನೆ. ಸಾರ್ವಜನಿಕರ ಬೆಂಚಿನಲ್ಲಿ ಕೂರುತ್ತೇನೆ, ಪೋಸ್ಟ್‌ಮಾಸ್ಟರ ಹೆಂಡತಿಯ ಪಕ್ಕದಲ್ಲಿ. ಅವರನ್ನು ನಿನ್ನೆ ಹೋಗಿ ಮಾತಾಡಿಸಿದೆ. ಮೊದಲು ಬಾಗಿಲು ತೆಗೆಯಲಿಲ್ಲ. ಆಮೇಲೆ ತೆಗೆದರು. ಇಬ್ಬರೂ ಒಟ್ಟಿಗೆ ಆಟೋದಲ್ಲಿ ಬರುತ್ತೇವೆ. ಸಾಕ್ಷಿ ಹೇಳುವಾಗ ನೀನು ನನ್ನ ಕಡೆ ನೋಡಬೇಡ. ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ, ಅದು ಈಗಲೂ ತಪ್ಪು. ನೀನು ನೋಡಿದ್ದನ್ನು ಹೇಳು.

ಶೋರೂಮಿನವನು ಬಾಗಿಲಿಗೆ ಬಂದದ್ದನ್ನು ಠಾಣೆಗೂ ನ್ಯಾಯಾಧೀಶರಿಗೂ ಬರೆದುಕೊಡು. ಇವತ್ತೇ. ಕೊಟ್ಟಿದ್ದಕ್ಕೆ ಸಹಿ ತೆಗೆದುಕೋ. ನನ್ನ ಹೆಸರಿನ ಭಯದಿಂದ ಒಬ್ಬ ಸುಮ್ಮನಿದ್ದರೆ ಅದು ಕಾನೂನು ಅಲ್ಲ. ಆದರೆ ಆ ಭಯ ಇಲ್ಲದ ಅಂಗಡಿಯಲ್ಲಿ ನೀವಿಬ್ಬರೂ ಇದ್ದೀರಿ ಎಂದು ನೆನೆದಾಗ ಈ ಮಾತು ನನಗೆ ಸಮಾಧಾನ ಕೊಡುವುದಿಲ್ಲ. ನಾಳೆಯಿಂದ ದಿನಾ ಬಂದು ನಿನ್ನ ಪರದೆಯ ಈಚೆ ಕೂರಲೇ? ಅಂಗಡಿಯನ್ನು ಒಂದು ಸಾರಿಯೂ ನೋಡಿಲ್ಲ ನಾನು. ಕೂದಲೂ ಬೆಳೆದಿದೆ.

ಎಪ್ಪತ್ತು ಮನೆಗಳ ಮಾತು ನಿಜ. ಮುಂದಿನ ಲೆಕ್ಕ ಒಪ್ಪಿಸುವ ಸಭೆಗೆ ನಾನೂ ಚೀಟಿ ತೆಗೆದುಕೊಂಡಿದ್ದೇನೆ. ಆ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಅವರ ಕಡತ ವಾಪಸಾದದ್ದು ನನ್ನ ಮುದ್ರೆಯಲ್ಲಿ. ಕೆಳಗಿನ ಸಾಲಿನಿಂದ ಪ್ರಶ್ನೆ ಕೇಳುವುದು ಹೇಗೆಂದು ನನಗೆ ಗೊತ್ತಿಲ್ಲ, ನೀನು ಹೇಳಿಕೊಡಬೇಕು.

ಬರೆಯಲು ಕೂತಾಗ ಕೈ ತಾನಾಗಿಯೇ ಹಾಳೆಯ ಕೆಳಗೆ ಕಾರ್ಬನ್ ಇಟ್ಟಿತ್ತು. ಅರ್ಧ ಪುಟವಾದ ಮೇಲೆ ನೋಡಿ, ತೆಗೆದುಹಾಕಿದೆ. ಈ ಪತ್ರಕ್ಕೆ ಪ್ರತಿ ಇಲ್ಲ.

ಅವರ ಕೈ ಹೇಗಿದೆ? ಬೆರಳುಗಳು ಮಡಚುತ್ತವೆಯೇ? ನೋವಿಗೆ ಎಚ್ಚರವಾಗುತ್ತದೆಯೇ? ತಟ್ಟೆ ಎತ್ತುತ್ತಾರೆಯೇ? ಪ್ಲಾಸ್ಟರು ಯಾವಾಗ ತೆಗೆದರು, ತೆಗೆಯುವಾಗ ಜೊತೆಗೆ ಯಾರಿದ್ದರು? ಎಲ್ಲವನ್ನೂ ಬರೆ. ಏನೂ ಬಿಡಬೇಡ.

ಅಮ್ಮ